ಸೆರೆಯಾಳು ಮರಳಿ ಬರುವ ಆಟ: ಜಪಾನಿನ ಚದುರಂಗವನ್ನು ಯಂತ್ರಕ್ಕೆ ಕಲಿಸಿದ ಬಗೆ

ಚದುರಂಗದಾಟವು ಭರತಖಂಡದಲ್ಲಿ ಹುಟ್ಟಿ, ಪರ್ಷಿಯಾ ಹಾಗೂ ಅರಬರ ನಾಡುಗಳನ್ನು ಹಾಯ್ದು ಯೂರೋಪನ್ನು ಸೇರಿತೆಂಬ ಸಂಗತಿಯನ್ನು ನಮ್ಮ ಓದುಗರು ಬಲ್ಲರು. ಅದೇ ಆಟವು ಮೂಡಣ ದಿಕ್ಕಿಗೂ ಪಯಣ ಬೆಳೆಸಿ, ಜಪಾನ್ ದೇಶದಲ್ಲಿ ‘ಶೋಗಿ’ ಎಂಬ ಹೆಸರು ತಳೆದು, ಇಂದಿಗೂ ಅಲ್ಲಿ ಜನಪ್ರಿಯವಾಗಿ ಉಳಿದಿದೆ ಎಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದ ವಿಚಾರವಾಗಿ ಗ್ರಂಥ ರಚಿಸಿದ ಅಲ್‌ಬೆರೂನಿಯು ಇಲ್ಲಿನ ಚದುರಂಗದ ಆನೆಯ ನಡೆಯನ್ನು ವರ್ಣಿಸಿದ್ದಾನೆ. ಮುಂದಕ್ಕೆ ಒಂದು ಮನೆ, ನಾಲ್ಕು ಮೂಲೆಗಳಿಗೆ ಒಂದೊಂದು ಮನೆ. ಸೊಂಡಿಲೊಂದು, ಕಾಲು ನಾಲ್ಕು ಎಂಬ ಲೆಕ್ಕ. ಶೋಗಿಯಲ್ಲಿ ‘ಬೆಳ್ಳಿಯ ಸೇನಾನಿ’ ಎಂಬ ಕಾಯಿ ಇಂದಿಗೂ ನಡೆಯುವುದು ಹೀಗೆಯೇ. ತವರಿನಲ್ಲಿ ಮರೆತುಹೋದ ಆನೆಯ ನಡಿಗೆಯು ದೂರದ ದ್ವೀಪದಲ್ಲಿ ಬೆಳ್ಳಿಯ ವೇಷ ತೊಟ್ಟು ಉಳಿದುಕೊಂಡಿದೆ ಎನ್ನಬಹುದು.

ಶೋಗಿಯ ಹಲಗೆಯಲ್ಲಿ ಅಡ್ಡಕ್ಕೆ 9, ಉದ್ದಕ್ಕೆ 9, ಒಟ್ಟು 81 ಮನೆಗಳು. ಒಬ್ಬೊಬ್ಬರಿಗೆ 20 ಕಾಯಿಗಳು. ನಮ್ಮ ಚದುರಂಗದಂತೆ ಕಪ್ಪು ಬಿಳುಪಿನ ಭೇದ ಇಲ್ಲಿಲ್ಲ. ಐದು ಬದಿಯ ಮರದ ಬಿಲ್ಲೆಗಳೆಲ್ಲ ಒಂದೇ ಬಣ್ಣದವು. ಬಿಲ್ಲೆಯ ಚೂಪು ಯಾರ ಕಡೆಗೆ ಮುಖ ಮಾಡಿದೆಯೋ ಅವರು ಎದುರಾಳಿ ಎಂದು ತಿಳಿಯಬೇಕು. ಇದಕ್ಕೆ ಕಾರಣವೂ ಉಂಟು. ಶೋಗಿಯಲ್ಲಿ ಹೊಡೆದ ಕಾಯಿ ಸಾಯುವುದಿಲ್ಲ, ಸೆರೆಯಾಗುತ್ತದೆ. ಸೆರೆಹಿಡಿದವನು ಮುಂದೆ ತನಗೆ ಬೇಕಾದಾಗ ಅದನ್ನು ತನ್ನ ಸೈನಿಕನನ್ನಾಗಿ ಮಾಡಿಕೊಂಡು, ಬರಿದಾದ ಯಾವುದೇ ಮನೆಯಲ್ಲಿ ಇಳಿಸಬಹುದು. ಕಾಲಾಳಿನಂಥ ಕೆಲವು ಕಾಯಿಗಳಿಗೆ ಮಾತ್ರ ಒಂದೆರಡು ನಿರ್ಬಂಧಗಳು. ನಿನ್ನೆಯ ಹಗೆ ಇಂದಿನ ಬಂಟ. ಹೀಗಾಗಿ ಆಟ ಮುಂದುವರಿದಂತೆ ಕಣವು ಬರಿದಾಗದೆ, ಜಟಿಲತೆ ಇನ್ನಷ್ಟು ಬೆಳೆಯುತ್ತದೆ.

ಯಂತ್ರಕ್ಕೆ ಕಷ್ಟವಾದುದು ಇಲ್ಲಿಯೇ. ಚೆಸ್ ಆಟದ ಒಂದು ಸ್ಥಿತಿಯಲ್ಲಿ ಸರಾಸರಿ 35 ನಡೆಗಳು ಸಾಧ್ಯವಿದ್ದರೆ, ಶೋಗಿಯಲ್ಲಿ ಸುಮಾರು 80. ಅಂತರ ದೊಡ್ಡದಲ್ಲವೆಂದು ತೋರಬಹುದು. ಗುಣಾಕಾರ ಮಾಡಿ ನೋಡಬೇಕು: ನಾಲ್ಕು ನಡೆಗಳಷ್ಟು ಮುಂದೆ ನೋಡುವಲ್ಲಿ ಚೆಸ್‌ನಲ್ಲಿ ಸುಮಾರು 15 ಲಕ್ಷ ದಾರಿಗಳಾದರೆ ಶೋಗಿಯಲ್ಲಿ 4 ಕೋಟಿಯನ್ನು ಮೀರುತ್ತವೆ. 1997ರ ಮೇ ತಿಂಗಳಲ್ಲಿ ‘ಡೀಪ್ ಬ್ಲೂ’ ಎಂಬ ಯಂತ್ರವು ಚೆಸ್ ಸಾಮ್ರಾಟ ಕ್ಯಾಸ್ಪರೋವ್‌ನನ್ನು ಸೋಲಿಸಿದಾಗ, ಶೋಗಿಯ ಯಂತ್ರಗಳು ವೃತ್ತಿಪರ ಆಟಗಾರರ ಸಮೀಪಕ್ಕೂ ಸುಳಿಯುವಂತಿರಲಿಲ್ಲ.

ಶೋಗಿಗೆ ದಾಯಾದಿಗಳೂ ಉಂಟು. 144 ಮನೆಗಳ ಹಲಗೆಯಲ್ಲಿ 92 ಕಾಯಿಗಳಿಂದ ಆಡುವ ‘ಚೂ ಶೋಗಿ’ ಹಿರಿಯನಾದರೆ, ‘ದೋಬುತ್ಸು ಶೋಗಿ’ ಮನೆಯ ಕೂಸು. 2008ರಲ್ಲಿ ಕಿತಾವೊ ಮದೋಕಾ ಎಂಬ ಆಟಗಾರ್ತಿಯು ಮಕ್ಕಳಿಗಾಗಿ ರೂಪಿಸಿದ ಈ ಆಟದಲ್ಲಿ ಕೇವಲ 12 ಮನೆಗಳು. ಸಿಂಹ, ಜಿರಾಫೆ, ಆನೆ, ಕೋಳಿಮರಿ ಎಂಬ ನಾಲ್ಕೇ ಕಾಯಿಗಳು. ಮರಿಯು ಎದುರಾಳಿಯ ಕೊನೆಯ ಸಾಲನ್ನು ತಲುಪಿದರೆ ಬೆಳೆದ ಕೋಳಿಯಾಗುತ್ತದೆ. ಟೋಕಿಯೊ ವಿಶ್ವವಿದ್ಯಾನಿಲಯದ ತನಾಕಾ ತೆತ್ಸುರೊ ಅವರು 2009ರಲ್ಲಿ ಈ ಆಟದ ಸ್ಥಿತಿಗಳನ್ನೆಲ್ಲ ಯಂತ್ರದಿಂದ ಎಣಿಸಿದರು. ಆಟದಲ್ಲಿ ಬರಬಹುದಾದ ಸ್ಥಿತಿಗಳು 24 ಕೋಟಿ 68 ಲಕ್ಷಕ್ಕೂ ಮಿಗಿಲು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಎರಡನೆಯದಾಗಿ ಆಡುವವರು 78ನೆಯ ನಡೆಗೆ ಗೆಲ್ಲುತ್ತಾರೆ. ಹನ್ನೆರಡು ಮನೆಗಳ ಮಕ್ಕಳಾಟದಲ್ಲಿಯೇ ಇಷ್ಟು. 81 ಮನೆಗಳ ದೊಡ್ಡ ಶೋಗಿಯನ್ನು ಹೀಗೆ ಕೊನೆಮುಟ್ಟ ಎಣಿಸುವುದು ಯಾವ ಯಂತ್ರಕ್ಕೂ ಆಗದು. ಆದ್ದರಿಂದ ಯಂತ್ರಕ್ಕೆ ಎಣಿಕೆಯ ಜೊತೆಗೆ ವಿವೇಚನೆಯನ್ನೂ ಕಲಿಸಬೇಕಾಯಿತು.

ಈ ಕೆಲಸಕ್ಕೆ ಮೊದಲು ಕೈಹಾಕಿದವರು ವಾಸೆದಾ ವಿಶ್ವವಿದ್ಯಾನಿಲಯದ ತಕಿಜಾವಾ ತಕೆನೊಬು. ವರ್ಷ 1974. ಆ ಕಾಲದ ಪ್ರೋಗ್ರಾಂಗಳು, ಎಂದರೆ ಯಂತ್ರಕ್ಕೆ ಕೊಡುವ ಆದೇಶಗಳ ಸಾಲುಗಳು, ನಿಯಮ ತಪ್ಪದೆ ಆಡಿದರೆ ಅದೇ ಹೆಚ್ಚು ಎಂಬಂತಿದ್ದವು. 1986ರಲ್ಲಿ ಗಣಕ ಶೋಗಿಯ ಸಂಘವು ಸ್ಥಾಪನೆಯಾಗಿ, 1990ರಿಂದ ಪ್ರೋಗ್ರಾಂಗಳ ನಡುವೆಯೇ ಪಂದ್ಯಾವಳಿಗಳು ಆರಂಭವಾದವು. ಈ ಅವಧಿಯ ನಿರ್ಮಾಪಕರು ಅನುಸರಿಸಿದ ಮಾರ್ಗ ಸರಳವಾದುದು, ಆದರೆ ಅಪಾರ ಶ್ರಮದ್ದು. ಕಾಲಾಳಿಗೆ ಇಷ್ಟು ಬೆಲೆ, ಬೆಳ್ಳಿಗೆ ಇಷ್ಟು, ಹೊನ್ನಿಗೆ ಇಷ್ಟು, ರಾಜನ ಬಳಿ ಕಾವಲಿದ್ದರೆ ಇನ್ನಿಷ್ಟು ಎಂದು ತಾವೇ ಅಂಕಗಳನ್ನು ಗೊತ್ತುಪಡಿಸಿ ಯಂತ್ರಕ್ಕೆ ಬರೆದುಕೊಡುವುದು, ಆಡಿಸಿ ನೋಡುವುದು, ಸೋತರೆ ಅಂಕಗಳನ್ನು ತಿದ್ದುವುದು. ಒಂದೆಡೆ ತಿದ್ದಿದರೆ ಇನ್ನೊಂದೆಡೆ ಕೆಡುತ್ತಿತ್ತು. ಅಡುಗೆಯಲ್ಲಿ ಉಪ್ಪು ಹೆಚ್ಚಾಯಿತೆಂದು ನೀರು ಬೆರೆಸಿ, ನೀರಾಯಿತೆಂದು ಹುಳಿ ಹಿಂಡುವ ಪರಿ ಇದು. ರಾಜನನ್ನು ಕಟ್ಟಿಹಾಕುವ ಕೊನೆಯ ಘಟ್ಟದ ಲೆಕ್ಕದಲ್ಲಿ ಮಾತ್ರ ಯಂತ್ರಗಳು ಬಹುಬೇಗ ಪ್ರವೀಣವಾದವು. 1525 ನಡೆಗಳಷ್ಟು ಉದ್ದದ ಒಂದು ಪ್ರಸಿದ್ಧ ಶೋಗಿ ಸಮಸ್ಯೆಯನ್ನು 1997ರಲ್ಲಿಯೇ ಯಂತ್ರವು ಬಿಡಿಸಿತು. ಎಲ್ಲ ಕಾಯಿಗಳೂ ಕಣದಲ್ಲಿರುವ ನಡು ಆಟದಲ್ಲಿ ಅದು ಕೂಸಾಗಿಯೇ ಉಳಿಯಿತು.

ತಿರುವು ಬಂದುದು ಶೋಗಿಯ ಪಂಡಿತರಿಂದಲ್ಲ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ರಸಾಯನಶಾಸ್ತ್ರದ ಸಂಶೋಧನೆಯಲ್ಲಿ ತೊಡಗಿದ್ದ ಹೊಕಿ ಕುನಿಹಿತೊ ಎಂಬ ಜಪಾನೀ ವಿಜ್ಞಾನಿಯು 2005ರಲ್ಲಿ ‘ಬೊನಾಂಜಾ’ ಎಂಬ ಪ್ರೋಗ್ರಾಮನ್ನು ಹೊರತಂದರು. ಶೋಗಿ ಆಡುವುದರಲ್ಲಿ ಅವರು ನುರಿತವರಲ್ಲ. ನುರಿತವರಾಗಿದ್ದರೆ ಪ್ರಾಯಶಃ ಅವರೂ ತಮ್ಮ ಅನುಭವವನ್ನೇ ಅಂಕಗಳಾಗಿ ಬರೆಯಲು ಹೊರಡುತ್ತಿದ್ದರು! ಅದು ಸಾಧ್ಯವಿಲ್ಲದ್ದರಿಂದ ಬೇರೆ ದಾರಿ ಹಿಡಿದರು. ವೃತ್ತಿಪರ ಆಟಗಾರರ ಸಾವಿರಾರು ಆಟಗಳ ದಾಖಲೆಗಳನ್ನು ಯಂತ್ರದ ಮುಂದಿಟ್ಟರು. ಪ್ರತಿಯೊಂದು ಸ್ಥಿತಿಯಲ್ಲಿಯೂ ಯಂತ್ರವು ತನ್ನ ಅಂಕಗಳ ಪ್ರಕಾರ ಯಾವ ನಡೆ ಉತ್ತಮವೆನ್ನುತ್ತದೆ, ಬಲ್ಲವರು ಆಡಿದ ನಡೆ ಯಾವುದು ಎಂದು ಹೋಲಿಸುವುದು. ಎರಡೂ ಬೇರೆಯಾದರೆ, ಬಲ್ಲವರ ನಡೆಯೇ ಮೇಲೆ ಬರುವಂತೆ ಅಂಕಗಳನ್ನು ಯಂತ್ರವೇ ಕಿಂಚಿತ್ ತಿದ್ದಿಕೊಳ್ಳುವುದು. ಇದನ್ನು ಮತ್ತೆ ಮತ್ತೆ ನಡೆಸಿದಾಗ, ಯಾರೂ ಹೇಳಿಕೊಡದ ಬೆಲೆಗಳು ತಾವಾಗಿ ಮೂಡಿಬಂದವು. ಬಿಡಿ ಕಾಯಿಗಳ ಬೆಲೆಯಷ್ಟೇ ಅಲ್ಲ. ರಾಜ ಇಲ್ಲಿರುವಾಗ ಮತ್ತೆರಡು ಕಾಯಿಗಳು ಇಂತಿಂಥ ಮನೆಗಳಲ್ಲಿದ್ದರೆ ಒಳಿತೋ ಕೆಡುಕೋ ಎಂಬ ಮೂವರ ಸಂಬಂಧವನ್ನೂ ಅದು ಬೆಲೆಕಟ್ಟಿತು. ಕೂಡುಕುಟುಂಬದಲ್ಲಿ ಬಾಳಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

2006ರ ವಿಶ್ವ ಗಣಕ ಶೋಗಿ ಪಂದ್ಯಾವಳಿಯಲ್ಲಿ ಬೊನಾಂಜಾ ಮೊದಲ ಬಾರಿಗೆ ಪ್ರವೇಶಿಸಿ ಪ್ರಥಮ ಸ್ಥಾನವನ್ನೇ ಪಡೆಯಿತು. ಮರುವರ್ಷ ಮಾರ್ಚ್ ತಿಂಗಳಲ್ಲಿ ‘ರ್ಯೂಓ’ ಪದವಿ ಹೊಂದಿದ್ದ ವತನಾಬೆ ಅಕಿರಾ ಅದನ್ನು ಎದುರಿಸಿ ಗೆದ್ದರಾದರೂ, ಗೆಲುವು ಸುಲಭದ್ದಾಗಿರಲಿಲ್ಲ. ಆದರೆ ನನ್ನ ಮಟ್ಟಿಗೆ ಹೊಕಿಯವರ ಹಿರಿಮೆ ಈ ಪಂದ್ಯಗಳಲ್ಲಿಲ್ಲ. 2009ರ ಆರಂಭದಲ್ಲಿ ಅವರು ಬೊನಾಂಜಾದ ಮೂಲ ಬರಹವನ್ನು ಸಂಪೂರ್ಣವಾಗಿ ಬಹಿರಂಗಪಡಿಸಿದರು. ವರ್ಷಗಳ ದುಡಿಮೆಯಿಂದ ಪಡೆದುದನ್ನು ಸ್ಪರ್ಧಿಗಳ ಕೈಗೇ ಇತ್ತಂತಾಯಿತು. ಅದನ್ನು ಓದಿ ಕಲಿತವರು ಅದಕ್ಕಿಂತ ಬಲವಾದ ಪ್ರೋಗ್ರಾಂಗಳನ್ನು ಕಟ್ಟಿದರು. ಯಮಾಮೊತೊ ಇಸ್ಸೇ ಎಂಬ ತರುಣನು ತನ್ನ ಪ್ರೋಗ್ರಾಮಿಗೆ ‘ಪೊನಾಂಜಾ’ ಎಂದು ಹೆಸರಿಟ್ಟನು; ಋಣವು ಹೆಸರಿನಲ್ಲಿಯೇ ಇದೆ.

ಇತ್ತ ವೃತ್ತಿಪರ ಆಟಗಾರರ ಮನಃಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಜಪಾನಿನಲ್ಲಿ ಶೋಗಿ ಆಡುವುದು ಒಂದು ಜೀವನವೃತ್ತಿ. ಎಳೆಯ ವಯಸ್ಸಿನಲ್ಲಿಯೇ ತರಬೇತಿ ಶಾಲೆಯನ್ನು ಸೇರಿ, ಸಾಮಾನ್ಯವಾಗಿ 26 ವರ್ಷ ತುಂಬುವುದರೊಳಗೆ ನಾಲ್ಕನೆಯ ಶ್ರೇಣಿಯನ್ನು ಮುಟ್ಟದವರು ಹೊರನಡೆಯಬೇಕು. ಬಾಲ್ಯ, ಯೌವನಗಳನ್ನು ತೆತ್ತು ಗಳಿಸಿದ ವಿದ್ಯೆಯು ಅಂಗಡಿಯಲ್ಲಿ ಸಿಗುವ ತಂತ್ರಾಂಶಕ್ಕೆ ಸೋತರೆ ಗತಿಯೇನು? 2005ರ ಅಕ್ಟೋಬರ್‌ನಲ್ಲಿ ಜಪಾನ್ ಶೋಗಿ ಸಂಘವು, ಅನುಮತಿಯಿಲ್ಲದೆ ಯಾರೂ ಯಂತ್ರದೊಡನೆ ಬಹಿರಂಗವಾಗಿ ಆಡಕೂಡದೆಂದು ಕಟ್ಟಪ್ಪಣೆ ಮಾಡಿತು. ಆದರೂ ಎಷ್ಟು ಕಾಲ ಬಾಗಿಲು ಮುಚ್ಚಿಡಲಾದೀತು? 2010ರಲ್ಲಿ ನಾಲ್ಕು ಪ್ರೋಗ್ರಾಂಗಳು ಬಹುಮತದಿಂದ ನಡೆಯನ್ನು ಆರಿಸುವ ‘ಅಕರ’ ಎಂಬ ಯಂತ್ರವ್ಯವಸ್ಥೆಯು ಶಿಮಿಜು ಇಚಿಯೊ ಎಂಬ ಅಗ್ರ ಆಟಗಾರ್ತಿಯನ್ನು ಸೋಲಿಸಿತು. ಅಕರವೆಂಬುದು ಬೌದ್ಧ ಪರಂಪರೆಯಲ್ಲಿ ಬರುವ ಒಂದು ಮಹಾಸಂಖ್ಯೆ: ಒಂದರ ಮುಂದೆ 224 ಸೊನ್ನೆಗಳು. ಶೋಗಿಯಲ್ಲಿ ಸಾಧ್ಯವಿರುವ ಆಟಗಳ ಸಂಖ್ಯೆ ಅದರ ಆಸುಪಾಸಿನದೆಂದು ಈ ಹೆಸರು.

2012ರ ಜನವರಿಯಲ್ಲಿ ಸಂಘದ ಅಧ್ಯಕ್ಷರಾಗಿದ್ದ ಯೊನೆನಾಗಾ ಕುನಿಯೊ ತಾವೇ ಕಣಕ್ಕಿಳಿದರು. ವಯಸ್ಸು 68. ಹಿಂದೆ ‘ಮೇಜಿನ್’ ಎಂಬ ಅತ್ಯುನ್ನತ ಪದವಿಯನ್ನು ಪಡೆದಿದ್ದವರು. ತಮ್ಮ ಮೊದಲ ನಡೆಯಲ್ಲಿಯೇ, ಯಾರೂ ಆಡದ ರೀತಿಯಲ್ಲಿ, ರಾಜನನ್ನು ಸರಿಸಿದರು. ಯಂತ್ರವು ಕಲಿತ ಹಳೆಯ ಆಟಗಳ ದಾರಿಯಿಂದ ಅದನ್ನು ಹೊರಗೆಳೆಯುವ ಉಪಾಯವಿದು. ನಡು ಆಟದವರೆಗೂ ಅವರ ಕೋಟೆ ಭದ್ರವಾಗಿತ್ತು. ಅನಂತರ ಒಂದು ಕಡೆ ಕಣ್ತಪ್ಪಿತು. ‘ಬೊನ್‌ಕ್ರಾಸ್’ ಎಂಬ ಪ್ರೋಗ್ರಾಂ ಗೆದ್ದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಯೊನೆನಾಗಾ ತೀರಿಕೊಂಡರು. ಮರುವರ್ಷ ಐವರು ವೃತ್ತಿಪರರು ಐದು ಪ್ರೋಗ್ರಾಂಗಳೊಡನೆ ಸೆಣಸಿದರು. ಮನುಷ್ಯರಿಗೆ ದೊರೆತುದು ಒಂದೇ ಗೆಲುವು, ಒಂದು ಸಮ. ಆ ಸಮವನ್ನು ಸಾಧಿಸಿದ ತ್ಸುಕಾದಾ ಯಸುಆಕಿ, ಸೋಲು ಖಚಿತವೆಂಬಂತಿದ್ದ ಆಟವನ್ನು ತಂಡಕ್ಕಾಗಿ ಹಿಡಿದೆಳೆದು, ಕೊನೆಗೆ ಪತ್ರಕರ್ತರ ಮುಂದೆ ಕಣ್ಣೀರಿಟ್ಟರು.

2015ರ ಕೂಟದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಪ್ರೋಗ್ರಾಮನ್ನು ಮುಂಚಿತವಾಗಿ ಆಟಗಾರನಿಗೆ ಕೊಡಬೇಕು, ಆಮೇಲೆ ತಿದ್ದುವಂತಿಲ್ಲ ಎಂಬುದು ನಿಯಮ. ‘ಅವೇಕ್’ ಎಂಬ ಪ್ರೋಗ್ರಾಮಿನಲ್ಲಿ ಒಂದು ದೋಷವಿತ್ತು. ಒಂದು ಮನೆಯನ್ನು ಬೇಕೆಂದೇ ತೆರೆದಿಟ್ಟರೆ, ಅದು ತನ್ನ ಬೆಲೆಯುಳ್ಳ ಕಾಯಿಯನ್ನು ಅಲ್ಲಿ ಇಳಿಸಿ, ಮರಳಿ ಬರಲಾಗದೆ ಸಿಕ್ಕಿಬೀಳುತ್ತಿತ್ತು. ಅಕುತ್ಸು ಚಿಕರಾ ಎಂಬ ಎಂಟನೆಯ ಶ್ರೇಣಿಯ ಆಟಗಾರರು ಆ ಬಲೆಯನ್ನೇ ಒಡ್ಡಿದರು. ಯಂತ್ರ ಬಿದ್ದಿತು. ಕೇವಲ 21 ನಡೆಗಳಿಗೆ ನಿರ್ಮಾಪಕನು ಸೋಲೊಪ್ಪಿ ಎದ್ದನು. ಆತನೂ ಹಿಂದೊಮ್ಮೆ ವೃತ್ತಿಪರನಾಗಲು ಆ ತರಬೇತಿ ಶಾಲೆಯಲ್ಲಿ ದುಡಿದು, ಗುರಿ ಮುಟ್ಟದೆ ಹೊರಬಂದವನು. ಗೆದ್ದವರದು ನ್ಯಾಯವೇ, ಆಟದ ಮರ್ಯಾದೆಯೇ ಎಂಬ ಚರ್ಚೆ ಬಹಳ ನಡೆಯಿತು. ನಿಯಮ ಮೀರದ ಆಟವನ್ನು ಅನ್ಯಾಯವೆನ್ನಲು ನನ್ನ ಮನಸ್ಸು ಒಪ್ಪದು. ಆದರೆ ಎರಡೂ ಕಡೆಯವರ ಮುಖದಲ್ಲಿ ಸಂತೋಷ ಕಾಣದ ಪಂದ್ಯವದು. ಆ ವರ್ಷ ಮನುಷ್ಯರು 3–2ರಿಂದ ಗೆದ್ದರು.

ಯಂತ್ರದ ಬಲವು ಮನುಷ್ಯರ ನಡುವಣ ನಂಬಿಕೆಯನ್ನೂ ಅಲುಗಿಸಿತು. 2016ರ ಅಕ್ಟೋಬರ್‌ನಲ್ಲಿ ಮಿಉರಾ ಹಿರೊಯುಕಿ ಎಂಬ ಹಿರಿಯ ಆಟಗಾರರು ಪಂದ್ಯದ ನಡುವೆ ಎದ್ದುಹೋಗಿ ಯಂತ್ರದ ಸಹಾಯ ಪಡೆದರೆಂಬ ಸಂಶಯದಿಂದ, ಪದವಿಯ ಪಂದ್ಯಕ್ಕೆ ಅರ್ಹರಾಗಿದ್ದವರನ್ನು ಕೈಬಿಡಲಾಯಿತು. ಸ್ವತಂತ್ರ ಸಮಿತಿಯು ವಿಚಾರಣೆ ನಡೆಸಿ, ವಂಚನೆಗೆ ಯಾವ ಸಾಕ್ಷ್ಯವೂ ಇಲ್ಲವೆಂದು ಡಿಸೆಂಬರ್‌ನಲ್ಲಿ ಸಾರಿತು. ಅಷ್ಟರಲ್ಲಿ ಅವರ ಪಂದ್ಯವನ್ನು ಬೇರೊಬ್ಬರು ಆಡಿ ಮುಗಿಸಿದ್ದರು. ಸಂಘದ ಅಧ್ಯಕ್ಷರು ರಾಜೀನಾಮೆಯಿತ್ತರು. ನಿರಪರಾಧಿಯೊಬ್ಬನ ಹೆಸರಿಗೆ ತಗಲಿದ ಮಸಿಯನ್ನು ಯಾವ ಸಮಿತಿ ತಾನೆ ಪೂರ್ತಿ ತೊಳೆದೀತು? 2017ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ನಿಕ್ಕೊ ಕ್ಷೇತ್ರದಲ್ಲೊಮ್ಮೆ, ಹಿಮೆಜಿ ಕೋಟೆಯಲ್ಲೊಮ್ಮೆ, ಪೊನಾಂಜಾವು ಆಗಿನ ಮೇಜಿನ್ ಸತೊ ಅಮಹಿಕೊ ಅವರನ್ನು ಎರಡೂ ಆಟಗಳಲ್ಲಿ ಸೋಲಿಸಿತು. ಅಲ್ಲಿಗೆ ಆ ಸ್ಪರ್ಧೆ ಮುಗಿಯಿತು. ಅದೇ ಡಿಸೆಂಬರ್‌ನಲ್ಲಿ ‘ಆಲ್ಫಾಜೀರೊ’ ಎಂಬ ಯಂತ್ರವು, ಮನುಷ್ಯರ ಆಟಗಳನ್ನು ನೋಡದೆ, ಕೇವಲ ನಿಯಮ ತಿಳಿದು ತನ್ನೊಡನೆ ತಾನೇ ಆಡಿ ಕಲಿತು, ಆಗಿನ ಬಲಿಷ್ಠ ಪ್ರೋಗ್ರಾಮನ್ನು ಮೀರಿಸಿದ ವಾರ್ತೆ ಬಂದಿತು.

ಹಾಗಾದರೆ ಶೋಗಿ ಅಳಿಯಿತೆ? ಫುಜಿಇ ಸೊತಾ ಎಂಬ ಬಾಲಕನು 2016ರಲ್ಲಿ, 14ನೆಯ ವಯಸ್ಸಿನಲ್ಲಿ, ವೃತ್ತಿಪರನಾದನು. ಯಂತ್ರದೊಡನೆ ಅಭ್ಯಾಸ ಮಾಡಿ ಬೆಳೆದ ಪೀಳಿಗೆ ಆತನದು. ತನ್ನ ಕಂಪ್ಯೂಟರನ್ನು ತಾನೇ ಜೋಡಿಸಿಕೊಳ್ಳುವಷ್ಟು ಆಸಕ್ತಿ. 2020ರಲ್ಲಿ ಪದವಿಯ ಪಂದ್ಯವೊಂದರಲ್ಲಿ ಆತನು ಬೆಳ್ಳಿಯ ಕಾಯಿಯೊಂದನ್ನು ಹಿಂದೆ ಇಳಿಸಿದಾಗ ನೋಡಿದವರಿಗೆ ಅರ್ಥವಾಗಲಿಲ್ಲ. 60 ಕೋಟಿ ಸ್ಥಿತಿಗಳನ್ನು ಪರಿಶೀಲಿಸಿದ ಬಳಿಕವಷ್ಟೇ ಪ್ರೋಗ್ರಾಂ ಅದೇ ಶ್ರೇಷ್ಠ ನಡೆಯೆಂದು ಒಪ್ಪಿತು. 2023ರ ಅಕ್ಟೋಬರ್‌ನಲ್ಲಿ ಎಂಟೂ ಪದವಿಗಳು ಆತನವಾದವು. ಮರುವರ್ಷ ಅವುಗಳಲ್ಲೊಂದನ್ನು ತನ್ನದೇ ವಯಸ್ಸಿನ ಇತೊ ತಕುಮಿಗೆ ಸೋತನು.

ಇನ್ನು ಮೂಲ ಬರಹವನ್ನು ಹಂಚಿಕೊಂಡ ಪರಂಪರೆಯ ವಿಷಯ. ಅನಂತರದ ಶೋಗಿ ನಿರ್ಮಾಪಕರು, ಮುಂದಿನ ನಡೆಗಳನ್ನು ಶೋಧಿಸುವ ಉಪಾಯಗಳನ್ನು ‘ಸ್ಟಾಕ್‌ಫಿಶ್’ ಎಂಬ ಮುಕ್ತವಾದ ಚೆಸ್ ಪ್ರೋಗ್ರಾಮಿನಿಂದ ಎರವಲು ಪಡೆದಿದ್ದರು. 2018ರಲ್ಲಿ ನಾಸು ಯೂ ಎಂಬ ಜಪಾನೀ ತಂತ್ರಜ್ಞರು ಶೋಗಿಗಾಗಿ ಬೆಲೆ ಕಟ್ಟುವ ಹೊಸ ವಿಧಾನವನ್ನು ಕಂಡುಹಿಡಿದರು. ಒಂದು ನಡೆಯಲ್ಲಿ ಬದಲಾಗುವುದು ಒಂದೆರಡು ಕಾಯಿಗಳ ಸ್ಥಾನ ಮಾತ್ರ. ವ್ಯಾಪಾರಿಯು ಪ್ರತಿಯೊಂದು ವಹಿವಾಟಿಗೂ ಇಡೀ ಖಾತೆಯನ್ನು ಮೊದಲಿನಿಂದ ಕೂಡದೆ, ಹಳೆಯ ಮೊತ್ತಕ್ಕೆ ಹೊಸ ಜಮಾ ಖರ್ಚನ್ನಷ್ಟೇ ಸೇರಿಸುವಂತೆ, ಈ ವಿಧಾನವೂ ಬದಲಾದುದನ್ನಷ್ಟೇ ಲೆಕ್ಕ ಹಾಕುತ್ತದೆ. ಇದರಿಂದ ಸಾಮಾನ್ಯ ಗಣಕಯಂತ್ರದಲ್ಲಿಯೂ ನರಜಾಲದ ಜಾಣ್ಮೆ ವೇಗವಾಗಿ ದೊರೆಯಿತು. 2020ರಲ್ಲಿ ಸ್ಟಾಕ್‌ಫಿಶ್ ಈ ವಿಧಾನವನ್ನು ಶೋಗಿಯಿಂದ ತಾನು ಪಡೆದುಕೊಂಡಿತು. ಇಂದು ನಮ್ಮ ಮನೆಗಳಲ್ಲಿ ಚೆಸ್ ಕಲಿಯುತ್ತಿರುವ ಮಕ್ಕಳು, ಆಡಿ ಮುಗಿಸಿದ ಆಟದಲ್ಲಿ ಎಲ್ಲಿ ತಪ್ಪಿತೆಂದು ಮೊಬೈಲಿನಲ್ಲಿ ಸ್ಟಾಕ್‌ಫಿಶ್‌ನಿಂದ ಪರೀಕ್ಷಿಸಿಕೊಳ್ಳುವಾಗ, ತೆರೆಯ ಹಿಂದೆ ಲೆಕ್ಕ ಹಾಕುತ್ತಿರುವುದು ಶೋಗಿಗಾಗಿ ಹುಟ್ಟಿದ ಆ ಉಪಾಯವೇ.