ಕುದ್ಮುಲ್ ರಂಗರಾಯರ ಮೊಮ್ಮಗನ ವಾದ

ನೀಲಗಿರಿಯ ಗೂಡಲೂರಿನಲ್ಲಿ ಜಮೀನಿನ ಮಾತೆತ್ತಿದರೆ ಎರಡು ಪದಗಳು ಬರದೇ ಇರುವುದಿಲ್ಲ: ಜನ್ಮಂ ಮತ್ತು ಸೆಕ್ಷನ್ 17. ಬಂಡೀಪುರ, ಮುದುಮಲೆ ದಾಟಿ ಹೋದರೆ ಸಿಗುವ ಈ ಊರಿನ ಸುತ್ತಲಿನ ಕಾಡು, ಗದ್ದೆ, ಟೀ ತೋಟಗಳೆಲ್ಲ ಒಂದು ಕಾಲಕ್ಕೆ ನಿಲಂಬೂರು ಕೋವಿಲಕಂ ಎಂಬ ಅರಸು ಮನೆತನದ ಜನ್ಮಂ ಆಸ್ತಿ, ಅಂದರೆ ವಂಶಪಾರಂಪರ್ಯದ ಪೂರ್ಣ ಒಡೆತನದ ಭೂಮಿ. ಸುಮಾರು 80,000 ಎಕರೆ. 1969ರಲ್ಲಿ ತಮಿಳುನಾಡು ಸರ್ಕಾರ ಕಾಯ್ದೆ ತಂದು ಅದನ್ನು ರೈತವಾರಿ ಪದ್ಧತಿಗೆ ಒಳಪಡಿಸಲು ಹೊರಟಿತು; ಸೆಕ್ಷನ್ 17 ಇದೇ ಕಾಯ್ದೆಯದು. ಬಾಲ್‌ಮಡೀಸ್ ಎಂಬ ತೋಟದ ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. ಕಾಡನ್ನು ವಶಪಡಿಸಿಕೊಳ್ಳುವುದು ಭೂಸುಧಾರಣೆ ಆಗುವುದಿಲ್ಲವೆಂದು ಕೋರ್ಟು 1972ರಲ್ಲಿ ಆ ಭಾಗವನ್ನು ರದ್ದುಮಾಡಿತು. ಸಂಸತ್ತು ಬಿಡಲಿಲ್ಲ. 1974ರಲ್ಲಿ 34ನೇ ತಿದ್ದುಪಡಿ ತಂದು ಇಡೀ ಕಾಯ್ದೆಯನ್ನು ಸಂವಿಧಾನದ 9ನೇ ಅನುಸೂಚಿಗೆ ಸೇರಿಸಿತು. ಅಲ್ಲಿ ಸೇರಿದ ಕಾಯ್ದೆಯನ್ನು ಮೂಲಭೂತ ಹಕ್ಕುಗಳ ಹೆಸರಿನಲ್ಲಿ ಯಾರೂ ಪ್ರಶ್ನಿಸುವಂತಿಲ್ಲ ಎಂಬುದು ಆಗಿನ ನಂಬಿಕೆ. 2007ರ ಜನವರಿ 11ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ನಂಬಿಕೆಗೆ ಒಂದು ಗಡುವು ಹಾಕಿದರು. 1973ರ ಏಪ್ರಿಲ್ 24 ಅಥವಾ ಆಮೇಲೆ ಅನುಸೂಚಿಗೆ ಸೇರಿದ ಯಾವ ಕಾಯ್ದೆಯನ್ನಾದರೂ ಕೋರ್ಟು ಪರಿಶೀಲಿಸಬಹುದು ಎಂದರು. ಐ.ಆರ್. ಕೊಯೆಲೊ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದು ಗೂಡಲೂರಿನ ಈ ಕಥೆಯನ್ನೇ.

ಈ ಪ್ರಕರಣದ ಕಾಗದಗಳ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತಾರೀಕು. 1973ರ ಏಪ್ರಿಲ್ 24, ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂದ ದಿನ. ಸಂವಿಧಾನವನ್ನು ಸಂಸತ್ತು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ಹದಿಮೂರು ನ್ಯಾಯಮೂರ್ತಿಗಳ ಪೀಠ ಏಳು-ಆರರ ಬಹುಮತದಿಂದ ಹೇಳಿದ ದಿನ. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಬಹುಮತದ ಏಳು ಮಂದಿಯಲ್ಲಿ ಒಬ್ಬರು ಕಾರ್ಕಳ ತಾಲ್ಲೂಕಿನ ಕೌಡೂರಿನ ಸದಾನಂದ ಹೆಗ್ಡೆ. ಆ ತೀರ್ಪು ಬಂದ ಎಂಟೇ ದಿನಕ್ಕೆ ಲೋಕಸಭೆಯಲ್ಲಿ ಎದ್ದು ನಿಂತು, ಹೆಗ್ಡೆಯವರಂಥ ನ್ಯಾಯಮೂರ್ತಿಗಳನ್ನು ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ಆರಿಸದೆ ಬದಿಗೆ ಸರಿಸಿದ್ದು ಸರಿ ಎಂದು ವಾದಿಸಿದವರು ಉಕ್ಕು ಮತ್ತು ಗಣಿ ಸಚಿವ ಎಸ್. ಮೋಹನ್ ಕುಮಾರಮಂಗಲಂ. ಸೇಲಂ ಸೀಮೆಯ ಜಮೀನ್ದಾರರ ಮಗ ಎಂದು ಎಲ್ಲರೂ ಬರೆಯುತ್ತಾರೆ. ಅವರ ತಾಯಿ ಮಂಗಳೂರಿನವರು ಎಂಬುದನ್ನು ನಮ್ಮವರೇ ನೆನಪಿಸಿಕೊಳ್ಳುವುದಿಲ್ಲ. ಸ್ವತಂತ್ರ ಭಾರತದ ಅತಿ ದೊಡ್ಡ ಸಂವಿಧಾನದ ಜಗಳದಲ್ಲಿ ಅರ್ಜಿದಾರ, ನ್ಯಾಯಮೂರ್ತಿ, ಸರ್ಕಾರದ ಪರ ವಾದಿ, ಈ ಮೂವರ ಬೇರೂ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಇದನ್ನು ಹೇಳುವ ಒಂದು ಫಲಕವೂ ಕರಾವಳಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಕುಮಾರಮಂಗಲಂ ಅವರ ತಾಯಿಯ ತಂದೆ ಕುದ್ಮುಲ್ ರಂಗರಾವ್. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. 1859ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ. ಮೊದಲು ಮೇಷ್ಟರು, ಆಮೇಲೆ ವಕೀಲರು. ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಜಾತಿಯವರ ಬಹಿಷ್ಕಾರವನ್ನು ಉಂಡರು. ತನ್ನ ಶಾಲೆಯಲ್ಲಿ ಕಲಿತ ದಲಿತ ಹುಡುಗನೊಬ್ಬ ಮುಂದೆ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. 1928ರಲ್ಲಿ ತೀರಿಕೊಂಡರು.

ಅವರ ಮಗಳು ರಾಧಾಬಾಯಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲೂ ಆಕ್ಸ್‌ಫರ್ಡಿನ ಸಾಮರ್‌ವಿಲ್‌ನಲ್ಲೂ ಓದಿದವರು. ಕೈಹಿಡಿದದ್ದು ತಿರುಚೆಂಗೋಡಿನ ಕುಮಾರಮಂಗಲಂ ಜಮೀನಿನ ಪಿ. ಸುಬ್ಬರಾಯನ್ ಅವರನ್ನು. ಸಾರಸ್ವತರ ಹುಡುಗಿ, ಕೊಂಗು ಗೌಂಡರ್ ಹುಡುಗ. ಆ ಕಾಲಕ್ಕೆ ಎರಡೂ ಕಡೆ ಸುಲಭವಾಗಿ ನುಂಗುವ ಸಂಬಂಧವಲ್ಲ. ಸುಬ್ಬರಾಯನ್ 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತ್ಯದ ಮುಖ್ಯ ಸಚಿವರಾಗಿದ್ದರು. ಬೇಸಗೆ ಬಂತೆಂದರೆ ಮದ್ರಾಸಿನ ಸರ್ಕಾರ ಕಡತಗಳ ಸಮೇತ ಊಟಿಗೆ ಹತ್ತುತ್ತಿದ್ದ ಕಾಲ ಅದು. ರಾಧಾಬಾಯಿ ಅವರು ಗಂಡನ ನೆರಳಿನಲ್ಲಿ ಉಳಿಯಲಿಲ್ಲ. 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಭಾರತದಿಂದ ಹೋದ ಮಹಿಳೆಯರು ಇಬ್ಬರೇ. ಒಬ್ಬರು ಬೇಗಂ ಶಾ ನವಾಜ್, ಇನ್ನೊಬ್ಬರು ಈ ಮಂಗಳೂರಿನ ಹೆಣ್ಣುಮಗಳು.

ಇಂಥ ಮನೆಯಲ್ಲಿ ಮಕ್ಕಳು ಒಂದೇ ದಾರಿ ಹಿಡಿಯಲಿಲ್ಲ. ಒಬ್ಬ ಮಗ ಪಿ.ಪಿ. ಕುಮಾರಮಂಗಲಂ ಭಾರತದ ಭೂಸೇನೆಯ ಮುಖ್ಯಸ್ಥರಾದರು. ಮಗಳು ಪಾರ್ವತಿ ಕಮ್ಯುನಿಸ್ಟ್ ಆದರು. 1916ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮೋಹನ್ ಈಟನ್ ಶಾಲೆ, ಕೇಂಬ್ರಿಜ್, ಬ್ಯಾರಿಸ್ಟರ್ ಪದವಿ, ಎಲ್ಲವನ್ನೂ ಮುಗಿಸಿ, ಕೇಂಬ್ರಿಜ್ ಯೂನಿಯನ್ನಿನ ಅಧ್ಯಕ್ಷರೂ ಆಗಿ, 1939ರಲ್ಲಿ ಮನೆಗೆ ಬಂದದ್ದು ಕಮ್ಯುನಿಸ್ಟರಾಗಿಯೇ. ಅದೇ ವರ್ಷದವರೆಗೆ ತಂದೆ ರಾಜಾಜಿ ಸಂಪುಟದಲ್ಲಿ ಮಂತ್ರಿ. ಸ್ವಲ್ಪದರಲ್ಲೇ ಮಗ ಮದ್ರಾಸ್ ಪಿತೂರಿ ಮೊಕದ್ದಮೆಯಲ್ಲಿ ಆರೋಪಿ, ಜೈಲುವಾಸಿ. ಮುಂದಿನ ಇಪ್ಪತ್ತು ಚಿಲ್ಲರೆ ವರ್ಷಗಳನ್ನು ಬೇಗ ದಾಟಿಬಿಡುತ್ತೇನೆ. ಪಕ್ಷದ ಕೆಲಸ, ಮದ್ರಾಸಿನಲ್ಲಿ ವಕೀಲಿಕೆ, 1966-67ರಲ್ಲಿ ಮದ್ರಾಸಿನ ಅಡ್ವೊಕೇಟ್ ಜನರಲ್ ಹುದ್ದೆ. ಆಮೇಲೆ ಕಾಂಗ್ರೆಸ್. ಪ್ರಗತಿಪರರೆಲ್ಲ ಕಾಂಗ್ರೆಸ್ಸಿನ ಒಳಗೆ ನಿಂತೇ ಅದನ್ನು ಎಡಕ್ಕೆ ತಿರುಗಿಸಬೇಕು ಎಂದು ಅವರು 1964ರಷ್ಟು ಹಿಂದೆಯೇ ಒಂದು ಪ್ರಬಂಧ ಬರೆದಿದ್ದರು. ಅವರ ವಿರೋಧಿಗಳು ಅದನ್ನು ಆಮೇಲೆ ಪಿತೂರಿಯ ದಾಖಲೆಯೆಂಬಂತೆ ಅಚ್ಚುಹಾಕಿ ಹಂಚಿದರು.

ಬರೆಯುವುದು ಅವರಿಗೆ ಬಿಡುವಿನ ಹವ್ಯಾಸವಾಗಿರಲಿಲ್ಲ. ಹಿಂದಿ ವಿರೋಧಿ ಚಳವಳಿಯಿಂದ ಮದ್ರಾಸ್ ಹೊತ್ತಿ ಉರಿದ 1965ರಲ್ಲೇ ದೇಶದ ಭಾಷಾ ಬಿಕ್ಕಟ್ಟಿನ ಮೇಲೆ ಪುಸ್ತಕ ತಂದರು. 1971ರಲ್ಲಿ ಇಂದಿರಾ ಗಾಂಧಿಯವರ ಸರ್ಕಾರ ಆಸ್ತಿಯ ಹಕ್ಕನ್ನು ಮೊಟಕುಗೊಳಿಸುವ ತಿದ್ದುಪಡಿಗಳಿಗೆ ಕೈಹಾಕಿದಾಗ, ಅವು ಯಾಕೆ ಬೇಕೆಂದು ವಿವರಿಸುವ ಪುಸ್ತಕ ಬರೆದರು. ಪ್ರತಿ ವಾದಕ್ಕೂ ಪುಸ್ತಕದ ರೂಪ ಕೊಡುವ ಈ ಅಭ್ಯಾಸ ಇವತ್ತಿನ ಮಂತ್ರಿಗಳಲ್ಲಿ ಕಾಣದೆ ನನಗೆ ಬೇಸರವಾಗುತ್ತದೆ. 1971ರಲ್ಲಿ ಪುದುಚೇರಿಯಿಂದ ಲೋಕಸಭೆಗೆ ಗೆದ್ದು ಸಚಿವರಾದ ಮೇಲೆ ಕಲ್ಲಿದ್ದಲು ಗಣಿಗಳನ್ನು ರಾಷ್ಟ್ರೀಕರಣಗೊಳಿಸಿದರು. ಕೋಲಾರದ ಚಿನ್ನದ ಗಣಿಗಳು ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾದದ್ದೂ ಅವರ ಕಾಲದಲ್ಲೇ, 1972ರಲ್ಲಿ. ತೋರಣಗಲ್ಲಿನಲ್ಲಿ ಇಂದಿರಾ ಅವರು ವಿಜಯನಗರ ಉಕ್ಕು ಕಾರ್ಖಾನೆಗೆ ಅಡಿಗಲ್ಲು ಇಟ್ಟಾಗ ಉಕ್ಕಿನ ಖಾತೆ ಇವರದೇ.

ಇನ್ನು ಜಗಳಕ್ಕೆ ಬರೋಣ. ಕೇರಳದ ಭೂಸುಧಾರಣೆಯಲ್ಲಿ ಎಡನೀರು ಮಠದ ಭೂಮಿ ಕೈಬಿಡುವಂತಾದಾಗ ಕೇಶವಾನಂದ ಭಾರತಿ ಸ್ವಾಮಿಗಳು 1970ರ ಮಾರ್ಚಿನಲ್ಲಿ ಅರ್ಜಿ ಹಾಕಿದರು. ಯಕ್ಷಗಾನದ ಪೋಷಕರು, ಸ್ವತಃ ಹಾಡುಗಾರರು. ಅವರ ಪರವಾಗಿ ವಾದಿಸಿದ ನಾನಿ ಪಾಲ್ಖಿವಾಲಾ ಅವರನ್ನು ಒಮ್ಮೆಯೂ ಮುಖತಃ ಕಂಡವರಲ್ಲ. ಮಠದ ಜಮೀನಿನಿಂದ ಶುರುವಾದ ಅರ್ಜಿ ಸಂಸತ್ತಿನ ಅಧಿಕಾರದ ಮೇರೆ ಎಲ್ಲಿ ಎಂಬ ಪ್ರಶ್ನೆಯಾಗಿ ಬೆಳೆಯಿತು. 1972ರ ಅಕ್ಟೋಬರ್ 31ರಿಂದ ಮುಂದಿನ ಮಾರ್ಚ್ 23ರವರೆಗೆ 68 ದಿನ ವಾದ ನಡೆಯಿತು. ತೀರ್ಪು ಬಂದದ್ದು ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತರಾಗುವ ಹೊತ್ತಿಗೆ. ಮರುದಿನ, ಏಪ್ರಿಲ್ 25ರಂದು, ಸಿಕ್ರಿ ಅವರ ಜಾಗಕ್ಕೆ ಎ.ಎನ್. ರೇ ಬರುತ್ತಾರೆಂದು ಆಕಾಶವಾಣಿ ಹೇಳಿತು. ರೇ ಅವರು ಸರ್ಕಾರದ ಪರ ತೀರ್ಪು ಕೊಟ್ಟ ಆರು ಮಂದಿಯಲ್ಲಿ ಒಬ್ಬರು. ಅವರಿಗಿಂತ ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರೂ ಬಹುಮತದ ಕಡೆಯವರು. ಮೂವರೂ ರಾಜೀನಾಮೆ ಕೊಟ್ಟರು. ವಾಡಿಕೆಯಂತೆ ನಡೆದಿದ್ದರೆ, ಶೆಲತ್ ನಿವೃತ್ತರಾದ ಮೇಲೆ 1973ರ ಜುಲೈನಿಂದ ಸುಮಾರು ಹನ್ನೊಂದು ತಿಂಗಳು ಕೌಡೂರಿನ ಹೆಗ್ಡೆಯವರು ದೇಶದ ಮುಖ್ಯ ನ್ಯಾಯಮೂರ್ತಿ ಆಗಿರುತ್ತಿದ್ದರು.

ಹೆಗ್ಡೆಯವರು ರಾಜಕೀಯ ಅರಿಯದವರಲ್ಲ. ಮಂಗಳೂರಿನಲ್ಲಿ ಸರ್ಕಾರಿ ವಕೀಲರಾಗಿದ್ದವರು. 1952ರಿಂದ 57ರವರೆಗೆ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರು. ಅಲ್ಲಿಂದ ನೇರ ಮೈಸೂರು ಹೈಕೋರ್ಟಿಗೆ, ಆಮೇಲೆ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಯಾಗಿ, 1967ರಲ್ಲಿ ಸುಪ್ರೀಂ ಕೋರ್ಟಿಗೆ. ಅವರನ್ನು ದಾಟಿ ಹೋದದ್ದಕ್ಕೆ ಕೇಶವಾನಂದ ತೀರ್ಪು ಒಂದೇ ಕಾರಣವಲ್ಲ ಎಂದು ಅವರು ನಂಬಿದ್ದರು. ರಾಯ್‌ಬರೇಲಿಯಲ್ಲಿ ಇಂದಿರಾ ಅವರು ಗೆದ್ದ ಚುನಾವಣೆಯ ವಿರುದ್ಧ ರಾಜ್ ನಾರಾಯಣ್ ಹೂಡಿದ ಮೊಕದ್ದಮೆಯ ಒಂದು ಕವಲು 1972ರಲ್ಲಿ ಅವರ ಮುಂದೆ ಬಂದಿತ್ತು. ಸರ್ಕಾರಿ ಅಧಿಕಾರಿ ಯಶಪಾಲ್ ಕಪೂರ್ ಯಾವಾಗ ರಾಜೀನಾಮೆ ಕೊಟ್ಟರು, ಇಂದಿರಾ ಅವರ ಪರ ಯಾವಾಗ ಕೆಲಸ ಶುರುಮಾಡಿದರು ಎಂಬ ಪ್ರಶ್ನೆ ವಿಚಾರಣೆಗೆ ಉಳಿಯುವಂತೆ ಹೆಗ್ಡೆ ತೀರ್ಪು ಬರೆದರು. 1975ರ ಜೂನ್ 12ರಂದು ಅಲಹಾಬಾದಿನಲ್ಲಿ ಇಂದಿರಾ ಅವರ ಆಯ್ಕೆ ರದ್ದಾದಾಗ ಎದ್ದು ಬಂದ ಅಂಶಗಳಲ್ಲಿ ಇದೂ ಒಂದು.

ಮೇ 2ರಂದು ಕುಮಾರಮಂಗಲಂ ಲೋಕಸಭೆಯಲ್ಲಿ ಮಾತಾಡಿದರು. ಬೇರೆ ಮಂತ್ರಿಯಾಗಿದ್ದರೆ ಆಡಳಿತದ ಅನುಕೂಲ, ಅವಧಿ ಕಡಿಮೆ ಎಂದೆಲ್ಲ ಸಬೂಬು ಹೇಳಿ ಕೂರುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಸೇವಾ ಜ್ಯೇಷ್ಠತೆಯೊಂದೇ ಮಾನದಂಡ ಆಗಬಾರದು ಎಂದು 1958ರ ಕಾನೂನು ಆಯೋಗದ 14ನೇ ವರದಿಯೇ ಹೇಳಿದೆ ಎಂದರು. ಮುಖ್ಯ ನ್ಯಾಯಮೂರ್ತಿಯ ಬದುಕಿನ ದೃಷ್ಟಿ, ರಾಜಕೀಯ ತತ್ವ, ಜನರ ಕಡೆಗಿನ ಒಲವು ಏನೆಂದು ನೋಡುವ ಹಕ್ಕು ಸರ್ಕಾರಕ್ಕಿದೆ ಎಂದು ಒತ್ತಿ ಹೇಳಿದರು. ಆ ವರದಿ ಬರೆದ ಆಯೋಗದ ಅಧ್ಯಕ್ಷ ಸೆಟಲ್ವಾಡ್ ಅವರೇ ಎದುರು ನಿಂತರು. ಹಿರಿಯ ನ್ಯಾಯವಿದ ಚಾಗ್ಲಾ, ಪಾಲ್ಖಿವಾಲಾ ಜೊತೆಗೂಡಿದರು. ಯೋಗ್ಯತೆಯನ್ನು ನೋಡಿ ಎಂದರೆ ಸರ್ಕಾರಕ್ಕೆ ಹಿತವಾದವರನ್ನು ಆರಿಸಿ ಎಂದರ್ಥವಲ್ಲ ಎಂಬುದು ಅವರ ಉತ್ತರ.

ಅವರ ಉತ್ತರವೇ ಸರಿ ಎಂದು ನಾನು ಅಂದುಕೊಂಡಿದ್ದೇನೆ. ಮುಂದಿನ ಎರಡೇ ವರ್ಷದಲ್ಲಿ ತುರ್ತು ಪರಿಸ್ಥಿತಿ ಬಂತು, ಆ ವಾದ ಎಲ್ಲಿಗೆ ಮುಟ್ಟಿಸುತ್ತದೆ ಎಂದು ದೇಶ ನೋಡಿತು. ಆದರೂ ಕುಮಾರಮಂಗಲಂ ಬಗ್ಗೆ ನನ್ನ ಗೌರವ ಕುಂದಿಲ್ಲ. ಭೂಮಿಯಿಲ್ಲದವನಿಗೆ ಭೂಮಿ ಸಿಗಬೇಕಾದಾಗಲೆಲ್ಲ ಕೋರ್ಟು ಭೂಮಾಲೀಕನ ಪರ ನಿಲ್ಲುತ್ತದೆ ಎಂಬ ಅವರ ಸಿಟ್ಟು ಎರವಲು ತಂದದ್ದಲ್ಲ. ಅಜ್ಜ ಮಂಗಳೂರಿನಲ್ಲಿ ದಲಿತರಿಗೆ ಶಾಲೆ ಕಟ್ಟಿದಾಗ ಎದುರಿಸಿದ ಪ್ರಶ್ನೆಯನ್ನೇ ಮೊಮ್ಮಗ ಸಂಸತ್ತಿನಲ್ಲಿ ನಿಂತು ಕೇಳುತ್ತಿದ್ದ. ಗೂಡಲೂರಿನಲ್ಲಿ ಪಟ್ಟಾ ಇಲ್ಲದೆ, ಅದರಿಂದಾಗಿ ಮನೆಗೆ ಕರೆಂಟೂ ಇಲ್ಲದೆ ಬದುಕಿದ ಬಡ ಕುಟುಂಬಗಳನ್ನು ನೆನೆದಾಗ ಆ ಪ್ರಶ್ನೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಅದಕ್ಕೆ ಉತ್ತರವೆಂದು ನ್ಯಾಯಮೂರ್ತಿಗಳನ್ನು ಸರ್ಕಾರದ ತತ್ವಕ್ಕೆ ತಕ್ಕಂತೆ ಆರಿಸಲು ಹೊರಟದ್ದು ತಪ್ಪಾಯಿತು.

ಕುಮಾರಮಂಗಲಂ, ಹೆಗ್ಡೆ ಇಬ್ಬರೂ ಪುಸ್ತಕ ಬರೆದರು, ಅದೇ 1973ರಲ್ಲಿ. ನ್ಯಾಯಮೂರ್ತಿಗಳ ನೇಮಕದ ಬಗ್ಗೆ ಕುಮಾರಮಂಗಲಂ ಅವರದು, ನ್ಯಾಯಾಂಗದ ಬಿಕ್ಕಟ್ಟಿನ ಬಗ್ಗೆ ಹೆಗ್ಡೆಯವರದು. ಎರಡೂ ಇಂಗ್ಲಿಷಿನಲ್ಲಿ. ನ್ಯಾಯಮೂರ್ತಿಗಳ ನೇಮಕದ ವಿವಾದ ಇವತ್ತಿಗೂ ವರ್ಷಕ್ಕೊಮ್ಮೆ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ, ಕೊಲಿಜಿಯಂ ಬೇಕೋ ಬೇಡವೋ ಎಂಬ ಚರ್ಚೆ ನಡೆಯುತ್ತದೆ, ಈ ಎರಡು ಪುಸ್ತಕಗಳನ್ನು ಮಾತ್ರ ಯಾರೂ ತೆರೆಯುವುದಿಲ್ಲ. ಕನ್ನಡದ ಪ್ರಕಾಶಕರೊಬ್ಬರು ಎರಡನ್ನೂ ಒಟ್ಟಿಗೆ ಕನ್ನಡಕ್ಕೆ ತಂದು ಒಂದೇ ಸಂಪುಟದಲ್ಲಿ ಎದುರುಬದುರು ಇಟ್ಟರೆ, ನಮ್ಮ ಕಾನೂನು ಕಾಲೇಜುಗಳ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪಠ್ಯ ಬೇರೆ ಬೇಕಾಗಿಲ್ಲ.

ಲೋಕಸಭೆಯ ಭಾಷಣವಾಗಿ ತಿಂಗಳು ತುಂಬುವ ಮೊದಲೇ, 1973ರ ಮೇ 31ರ ರಾತ್ರಿ, ಮದ್ರಾಸಿನಿಂದ ದೆಹಲಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನ ಬಿರುಗಾಳಿಗೆ ಸಿಕ್ಕಿ ಪಾಲಂ ಬಳಿ ಬಿತ್ತು. 65 ಮಂದಿಯಲ್ಲಿ 48 ಜನ ಸತ್ತರು. ಕುಮಾರಮಂಗಲಂ ಅವರಿಗೆ ಆಗ 56 ವರ್ಷ. ಪಂಜಾಬಿನ ಮಾಜಿ ಮುಖ್ಯಮಂತ್ರಿ ಗುರ್ನಾಮ್ ಸಿಂಗ್, ಕೊಯಮತ್ತೂರಿನ ಕಮ್ಯುನಿಸ್ಟ್ ಸಂಸದ ಬಾಲದಂಡಾಯುಧಂ ಅದೇ ವಿಮಾನದಲ್ಲಿದ್ದರು. ತೆರವಾದ ಕೊಯಮತ್ತೂರು ಕ್ಷೇತ್ರಕ್ಕೆ 1974ರಲ್ಲಿ ಉಪಚುನಾವಣೆ ನಡೆದಾಗ ಕಮ್ಯುನಿಸ್ಟ್ ಪಕ್ಷ ನಿಲ್ಲಿಸಿದ್ದು ಮೋಹನ್ ಅವರ ತಂಗಿ ಪಾರ್ವತಿ ಕೃಷ್ಣನ್ ಅವರನ್ನು. ಅವರು ಗೆದ್ದರು. ಮೋಹನ್ ಅವರ ಮಗ ರಂಗರಾಜನ್ ನರಸಿಂಹ ರಾವ್, ವಾಜಪೇಯಿ ಇಬ್ಬರ ಸರ್ಕಾರಗಳಲ್ಲೂ ಮಂತ್ರಿಯಾದರು. ಹೀಗೆ ಈ ಮನೆತನದ ರಾಜಕೀಯ ಪಕ್ಷದಿಂದ ಪಕ್ಷಕ್ಕೆ ದಾಟುತ್ತ ಬಂತು.

ಹೆಗ್ಡೆಯವರು 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತು ಗೆದ್ದರು. ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದಾಗ ಅವರು ಬಿಟ್ಟ ಲೋಕಸಭೆಯ ಸ್ಪೀಕರ್ ಸ್ಥಾನ ಇವರಿಗೆ ಬಂತು. 1978ರಲ್ಲಿ 44ನೇ ತಿದ್ದುಪಡಿ ಸಂಸತ್ತಿನ ಮುಂದೆ ಬಂದಾಗ ಆ ಪೀಠದಲ್ಲಿ ಕೂತಿದ್ದವರು ಅವರೇ. ಕುಮಾರಮಂಗಲಂ ಯಾವ ಆಸ್ತಿಯ ಹಕ್ಕನ್ನು ಮೊಟಕುಗೊಳಿಸಬೇಕೆಂದು ಪುಸ್ತಕ ಬರೆದು ವಾದಿಸಿದರೋ, ಅದೇ ಹಕ್ಕು ಆ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ಹೊರಬಿತ್ತು.