ಹೊಟ್ಟೆಯಲ್ಲಿ ಮಗು, ಕೋರ್ಟಿನಲ್ಲಿ ಕೇಸು

ಜಾಲಹಳ್ಳಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಆರು ತಿಂಗಳ ಬಸುರಿ ಮಗಳು ತವರಿಗೆ ಬಂದಿದ್ದಾಳೆ. ಮೇಜಿನ ಮೇಲೆ ಎರಡು ಫೈಲುಗಳಿವೆ. ಒಂದರಲ್ಲಿ ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ, ಐರನ್ ಮಾತ್ರೆಯ ಚೀಟಿ. ಇನ್ನೊಂದರಲ್ಲಿ ಸಮನ್ಸು, ದಾವೆಯ ಪ್ರತಿ, ಪಹಣಿ, ವಂಶವೃಕ್ಷ. 1950ರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದ ಮೇಲೆ ಈ ಸುತ್ತಿನ ರಾಗಿ ಹೊಲಗಳು ಒಂದೊಂದಾಗಿ ಬಡಾವಣೆಗಳಾದವು. ಅಜ್ಜನ ಹೊಲದ ಬೆಲೆ ಮೊಮ್ಮಕ್ಕಳ ಕಾಲಕ್ಕೆ ಕೋಟಿ ಮುಟ್ಟಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವಿಭಕ್ತ ಕುಟುಂಬದ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಆ ಹಕ್ಕಿಗೆ 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಪಾಲಿನ ದಾವೆಗಳಲ್ಲಿ ಹೆಣ್ಣುಮಕ್ಕಳ ಹೆಸರೂ ಇರುತ್ತದೆ. ಅವರಲ್ಲಿ ಬಸುರಿಯರೂ ಇರುತ್ತಾರೆ.

ಈ ಮನೆ ನನ್ನ ಕಲ್ಪನೆಯದು. ಆದರೆ ಆ ಮಗಳು ತಪಾಸಣೆಗೆ ಹೋದಾಗ ಕೇಳುವ ಪ್ರಶ್ನೆ ಕಲ್ಪನೆಯದಲ್ಲ: “ಡಾಕ್ಟ್ರೇ, ನನ್ನ ಟೆನ್ಷನ್ ಮಗೂಗೆ ತಾಗುತ್ತಾ?” ಅದಕ್ಕೆ ವಿಜ್ಞಾನ ಕೊಡುವ ಉತ್ತರ ಆಕೆಗೆ ಧೈರ್ಯ ತುಂಬುವಂಥದ್ದು. ಅದನ್ನು ಪೂರ್ತಿಯಾಗಿ ಹೇಳಬೇಕು.

ಕಾವಲಿಗೆ ಕೂತ ಮಾಸು

ಬಾಗಿಲಲ್ಲಿ ಕೋರ್ಟಿನ ಅಮೀನ ನಿಂತದ್ದು ಕಂಡ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಮಿದುಳಿನ ಹೈಪೊಥಲಾಮಸ್ ಸಿಆರ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತದೆ. ಪಿಟ್ಯುಟರಿ ಗ್ರಂಥಿ ಆ ಸುದ್ದಿಯನ್ನು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಮುಟ್ಟಿಸುತ್ತದೆ. ಅಲ್ಲಿಂದ ಕಾರ್ಟಿಸಾಲ್ ರಕ್ತಕ್ಕೆ ಇಳಿಯುತ್ತದೆ. ಕಾರ್ಟಿಸಾಲ್ ಶತ್ರುವೇನಲ್ಲ. ಯಾವ ಚಿಂತೆಯೂ ಇಲ್ಲದ ಬಸುರಿಯಲ್ಲೂ ಕೊನೆಯ ತಿಂಗಳುಗಳ ಹೊತ್ತಿಗೆ ಅದರ ಮಟ್ಟ ಎರಡು ಮೂರು ಪಟ್ಟು ಏರಿರುತ್ತದೆ. ಮಗುವಿನ ಶ್ವಾಸಕೋಶ ಬಲಿಯಲು ಕೂಡ ಕಾರ್ಟಿಸಾಲ್ ಬೇಕು.

ತಾಯಿಯ ಕಾರ್ಟಿಸಾಲ್ ಅಷ್ಟೂ ಮಗುವಿಗೆ ಹೋಗದಂತೆ ನಡುವೆ ಮಾಸು ಕಾವಲಿದೆ. ಅದರಲ್ಲಿ 11-ಬೀಟಾ-ಎಚ್‌ಎಸ್‌ಡಿ-2 ಎಂಬ ಕಿಣ್ವವಿದ್ದು, ದಾಟಿ ಬರುವ ಕಾರ್ಟಿಸಾಲಿನ ಬಹುಪಾಲನ್ನು ಕೆಲಸಕ್ಕೆ ಬಾರದ ಕಾರ್ಟಿಸೋನ್ ಆಗಿ ಬದಲಿಸಿಬಿಡುತ್ತದೆ. ಒಂದು ದಿನದ ಗಾಬರಿಯನ್ನು, ಒಂದು ವಾಯಿದೆಯ ಆತಂಕವನ್ನು ಈ ಕಾವಲು ತಡೆದುಕೊಳ್ಳುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾನೆಟ್ ಡಿಪಿಯೆಟ್ರೊ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ಗರ್ಭಿಣಿಯರ ಸಾಧಾರಣ ಮಟ್ಟದ ಒತ್ತಡದಿಂದ ಮಕ್ಕಳಿಗೆ ಕೇಡು ಕಾಣಲಿಲ್ಲ. ಎರಡು ವರ್ಷ ತುಂಬಿದಾಗ ಆ ಮಕ್ಕಳ ಬೆಳವಣಿಗೆ ತುಸು ಮುಂದೆಯೇ ಇತ್ತು.

ಆದರೆ ಕಾವಲುಗಾರನಿಗೂ ದಣಿವುಂಟು. ತಾಯಿಯ ಆತಂಕ ಹೆಚ್ಚಿದ್ದಷ್ಟೂ ಮಾಸಿನಲ್ಲಿ ಈ ಕಿಣ್ವ ಕಡಿಮೆ ಕಂಡದ್ದನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿವೆಟ್ ಗ್ಲೋವರ್ ಅವರ ತಂಡ ವರದಿ ಮಾಡಿದೆ. ಮಾಸು ಕೂಡ ಸಿಆರ್‌ಎಚ್ ತಯಾರಿಸುತ್ತದೆ. ಕಾರ್ಟಿಸಾಲ್ ಹೆಚ್ಚಾದರೆ ಮಿದುಳು ತನ್ನ ಸಿಆರ್‌ಎಚ್ ಇಳಿಸುತ್ತದೆ, ಮಾಸು ಮಾತ್ರ ಏರಿಸುತ್ತದೆ. ಅದು ಅಕಾಲದಲ್ಲಿ ಏರುವುದಕ್ಕೂ ದಿನ ತುಂಬುವ ಮೊದಲೇ ಹೆರಿಗೆಯಾಗುವುದಕ್ಕೂ ನಂಟು ಕಂಡಿದೆ. ಹಾಗಾಗಿ ತಗ್ಗಿಸಬೇಕಾದದ್ದು ಬಿಡುವಿಲ್ಲದೆ ಮುಂದುವರಿಯುವ ಒತ್ತಡವನ್ನು. ಬಂದು ಹೋಗುವ ಗಾಬರಿಗೆ ಹೆದರಬೇಕಿಲ್ಲ.

ದೇಹ ದಿನಾ ಕೋರ್ಟಿಗೆ ಹೋಗುತ್ತದೆ

ಬಿಡುವು ಕೊಡದಿರುವುದೇ ಕೇಸಿನ ಗುಣ. ಎರಡು ತಿಂಗಳಿಗೊಮ್ಮೆ ವಾಯಿದೆ. ಆ ದಿನ ಕೋರ್ಟ್ ಹಾಲಿನಲ್ಲಿ ಕೇಸು ಕೂಗುತ್ತಾರೆ, ಐದೇ ನಿಮಿಷದಲ್ಲಿ ಮುಂದಿನ ದಿನಾಂಕ ಬೀಳುತ್ತದೆ. ಮಿಕ್ಕ ಐವತ್ತೊಂಬತ್ತು ದಿನ ಕೇಸು ನಡೆಯುವುದು ತಲೆಯೊಳಗೆ. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ, ಎದುರು ವಕೀಲರು ಏನು ಕೇಳಬಹುದು, ತಾನೇನು ಹೇಳಬೇಕು ಎಂದು ಮನಸ್ಸು ಪಾಟೀ ಸವಾಲು ನಡೆಸುತ್ತಿದ್ದರೆ, ದೇಹ ಅದನ್ನು ನಿಜವೆಂದೇ ತಿಳಿದು ಕಾರ್ಟಿಸಾಲ್ ಸುರಿಸುತ್ತದೆ.

ತೀರ್ಪು ಏನಾಗುವುದೋ ತಿಳಿಯದ ಸ್ಥಿತಿ ಏಕೆ ಇಷ್ಟು ಸುಸ್ತು ಮಾಡುತ್ತದೆ? ಲಂಡನ್ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ 45 ಜನರನ್ನು ಕಂಪ್ಯೂಟರ್ ಆಟಕ್ಕೆ ಕೂರಿಸಿದರು. ಪರದೆಯ ಮೇಲಿನ ಕಲ್ಲಿನ ಕೆಳಗೆ ಹಾವಿದೆಯೇ ಎಂದು ಊಹಿಸಬೇಕು. ಹಾವು ಕಂಡರೆ ಕೈಗೆ ನೋವಾಗುವಂತೆ ಶಾಕ್. ಶಾಕ್ ಹೊಡೆದೇ ಹೊಡೆಯುತ್ತದೆ ಎಂದು ಗೊತ್ತಿದ್ದಾಗಿನ ಒತ್ತಡಕ್ಕಿಂತ, ಹೊಡೆಯಬಹುದು ಅಥವಾ ಹೊಡೆಯದಿರಬಹುದು ಎಂಬ ಅರ್ಧಂಬರ್ಧ ಸ್ಥಿತಿಯಲ್ಲೇ ಒತ್ತಡ ಅತಿ ಹೆಚ್ಚಾಗಿತ್ತು. ಕೇಸಿನಲ್ಲಿರುವವರು ವರ್ಷಗಟ್ಟಲೆ ಬದುಕುವುದು ಆ ಅರ್ಧಂಬರ್ಧ ಸ್ಥಿತಿಯಲ್ಲೇ. ಆದ್ದರಿಂದ “ಯೋಚನೆ ಮಾಡ್ಬೇಡ ಕಣಮ್ಮ” ಎಂದು ಮನೆಯವರು ಬುದ್ಧಿ ಹೇಳಿದರೆ ಏನೂ ಆಗದು. ಯೋಚನೆಯ ಭಾರವನ್ನು ಅವರು ಹಂಚಿಕೊಳ್ಳಬೇಕು.

ಕೇಸನ್ನು ಅದರ ದಿನಕ್ಕೆ ಕಟ್ಟಿಹಾಕಿ

ಇದಕ್ಕೆ ದಾರಿ ಮೂರು. ಮೊದಲನೆಯದು, ವಕೀಲರ ಫೋನು. ಗಂಡನೋ ಅಣ್ಣನೋ ಅತ್ತಿಗೆಯೋ, ಒಬ್ಬರು ಅದನ್ನು ವಹಿಸಿಕೊಳ್ಳಲಿ. ಹದಿನಾರು ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ದಿನಾಂಕ ಸಿಗುತ್ತದೆ. ಅದನ್ನು ನೋಡುವ ಕೆಲಸವೂ ಅವರದೇ. ಸಿವಿಲ್ ದಾವೆಯ ಬಹುತೇಕ ವಾಯಿದೆಗಳಿಗೆ ವಕೀಲರು ಹಾಜರಾದರೆ ಸಾಕು. ಬಸುರಿ ಜಾಲಹಳ್ಳಿಯಿಂದ ಮೆಟ್ರೊ ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿದು, ಮೈಸೂರು ಬ್ಯಾಂಕ್ ವೃತ್ತದ ಬಳಿಯ ಸಿವಿಲ್ ಕೋರ್ಟಿಗೆ ಹೋಗಿ ಬೆಂಚಿನ ಮೇಲೆ ಕಾಯಬೇಕಿಲ್ಲ. ಸಾಕ್ಷ್ಯ ಹೇಳಲೇಬೇಕಾದರೆ ವೈದ್ಯರ ಪ್ರಮಾಣಪತ್ರ ಇಟ್ಟು ದಿನಾಂಕ ಬದಲಿಸಲು, ವಿಡಿಯೊ ಕಾನ್ಫರೆನ್ಸ್ ಅಥವಾ ಕಮಿಷನರ್ ಮೂಲಕ ಹೇಳಿಕೆ ಪಡೆಯಲು ಅರ್ಜಿ ಹಾಕಬಹುದು. ತೀರ್ಮಾನ ನ್ಯಾಯಾಧೀಶರದು. ವಕೀಲರ ಶುಲ್ಕದ ಚಿಂತೆಯಿದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇರಲಿ, ಹೆಂಗಸರು ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ 15100.

ಎರಡನೆಯದು, ಚಿಂತೆಗೊಂದು ಹೊತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ 1983ರಲ್ಲಿ ತೋರಿಸಿದ ದಾರಿ ಇದು. ದಿನಾ ಒಂದೇ ಜಾಗ, ಒಂದೇ ಹೊತ್ತು, ಅರ್ಧ ಗಂಟೆ. ಕೇಸಿನ ಚಿಂತೆಯನ್ನೆಲ್ಲ ಆಗಲೇ ಮಾಡಬೇಕು, ಬೇಕಾದರೆ ಬರೆದಿಡಬೇಕು. ಬೇರೆ ಹೊತ್ತಿನಲ್ಲಿ ಬಂದರೆ ‘ಸಂಜೆ ಐದಕ್ಕೆ ಬಾ’ ಎಂದು ಮುಂದೂಡಬೇಕು. ಕೋರ್ಟು ನಮಗೆ ಕೊಡುವ ವಾಯಿದೆಯನ್ನು ನಾವು ಚಿಂತೆಗೆ ಕೊಟ್ಟಂತೆ. ಮಲಗುವ ಹೊತ್ತಿಗೆ ಹತ್ತಿರ ಮಾತ್ರ ಬೇಡ.

ಮೂರನೆಯದು ಉಸಿರು. ಉಸಿರು ಬಿಡುವಾಗ ವೇಗಸ್ ನರ ಹೃದಯದ ಬಡಿತವನ್ನು ನಿಧಾನಿಸುತ್ತದೆ. ಒಳಕ್ಕೆ ನಾಲ್ಕು ಎಣಿಕೆ, ಹೊರಕ್ಕೆ ಆರು ಎಣಿಕೆ, ನಡುವೆ ಬಿಗಿಹಿಡಿಯದೆ. ಉಸಿರಾಟವೂ ಸೇರಿದ ಯೋಗದ ಬಗ್ಗೆ ನಮ್ಮ ಬೆಂಗಳೂರಿನಲ್ಲೇ ಒಳ್ಳೆಯ ಕೆಲಸ ನಡೆದಿದೆ. ಗುಣಶೀಲ ಆಸ್ಪತ್ರೆಗೆ ಬರುತ್ತಿದ್ದ 335 ಗರ್ಭಿಣಿಯರಲ್ಲಿ 169 ಮಂದಿ ದಿನಕ್ಕೊಂದು ಗಂಟೆ ಯೋಗ ಮಾಡಿದರು, 166 ಮಂದಿ ದಿನಕ್ಕೆರಡು ಬಾರಿ ನಡೆದರು. ಯೋಗದ ಗುಂಪಿನಲ್ಲಿ ಎರಡೂವರೆ ಕಿಲೊ ಅಥವಾ ಅದಕ್ಕಿಂತ ಜಾಸ್ತಿ ತೂಗಿದ ಮಕ್ಕಳು ಹೆಚ್ಚು, ಅವಧಿಗೆ ಮುನ್ನದ ಹೆರಿಗೆ ಕಡಿಮೆ ಎಂದು 2005ರಲ್ಲಿ ವರದಿಯಾಯಿತು. ಅದರಲ್ಲಿ ಚೀಟಿ ಎತ್ತಿದಂತೆ ಗುಂಪು ಮಾಡಿರಲಿಲ್ಲ. ಹಾಗೆ ಮಾಡಿ ನಡೆಸಿದ ಇನ್ನೊಂದು ಬೆಂಗಳೂರು ಅಧ್ಯಯನ 2009ರಲ್ಲಿ ಬಂತು. ಅದರಲ್ಲಿ ಯೋಗ ಮಾಡಿದವರ ಒತ್ತಡದ ಅಂಕ ಶೇ. 31ಕ್ಕೂ ಹೆಚ್ಚು ಇಳಿಯಿತು. ಮಾಮೂಲಿ ವ್ಯಾಯಾಮ ಮಾಡಿದವರಲ್ಲಿ ಶೇ. 6ಕ್ಕೂ ಹೆಚ್ಚು ಏರಿತು. ವೈದ್ಯರನ್ನು ಕೇಳಿ, ಬಲ್ಲವರ ಎದುರಿನಲ್ಲಿ ಕಲಿಯಿರಿ.

ಎಲ್ಲವನ್ನೂ ಟೆನ್ಷನ್ ಎನ್ನಬೇಡಿ

ಇಲ್ಲೊಂದು ಅಪಾಯವಿದೆ. ಕೇಸಿರುವ ಮನೆಯಲ್ಲಿ ಬಸುರಿಗೆ ತಲೆನೋವು ಬಂದರೆ “ಟೆನ್ಷನ್ನಿಗೆ” ಎಂದು ಸುಮ್ಮನಾಗುತ್ತಾರೆ. ಐದು ತಿಂಗಳ ನಂತರ ಬಿಪಿ 140/90 ಮುಟ್ಟಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮುಖ ಕೈ ಊದಿದರೆ, ಅದು ಪ್ರಿ-ಎಕ್ಲಾಂಪ್ಸಿಯಾ ಇರಬಹುದು. ಮಗುವಿನ ಒದೆತ ಕಡಿಮೆಯಾದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಎರಡು ವಾರ ನಿದ್ದೆಯಿಲ್ಲದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಸಾಯುವ ಯೋಚನೆ ಬಂದರೆ, ಅದಕ್ಕೂ ವೈದ್ಯರಿದ್ದಾರೆ. ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರಿಗೆಂದೇ ಮನೋವೈದ್ಯ ಸೇವೆಯಿದೆ, ತಾಯಿಯನ್ನು ಕೂಸಿನೊಂದಿಗೇ ಸೇರಿಸಿಕೊಳ್ಳುವ ವಾರ್ಡಿದೆ. 2022ರಲ್ಲಿ ಶುರುವಾದ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಜಾಲಹಳ್ಳಿಯ ಆ ಮೇಜಿಗೆ ಬರೋಣ. ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ತಾಯಿ ಕಾರ್ಡಿನಲ್ಲಿ ಬರೆದಿರುವ ಹೆರಿಗೆಯ ದಿನಾಂಕವನ್ನು ವಕೀಲರಿಗೆ ತಿಳಿಸಿ, ಅದರ ಹಿಂದುಮುಂದಿನ ವಾರಗಳಲ್ಲಿ ಸಾಕ್ಷ್ಯದ ವಾಯಿದೆ ಬೀಳದಂತೆ ಕೋರ್ಟನ್ನು ಮೊದಲೇ ಕೇಳಿಕೊಳ್ಳುವುದು. ಕೋರ್ಟಿನ ದಿನಾಂಕ ಮುಂದಕ್ಕೆ ಹೋಗಬಹುದು. ಕೂಸು ತನ್ನ ದಿನಕ್ಕೆ ಬರುತ್ತದೆ. ಆಮೇಲೆ ಎರಡನೆಯ ಫೈಲನ್ನು ಅಣ್ಣ ಎತ್ತಿ ತನ್ನ ಬೀರುವಿನಲ್ಲಿಡಲಿ. ಮೇಜಿನ ಮೇಲೆ ತಾಯಿ ಕಾರ್ಡೊಂದೇ ಉಳಿಯಲಿ.