ಕೃತಕ ದಿಗಂತ ಸುಳ್ಳು ಹೇಳಿದಾಗ

1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 747 ವಿಮಾನ 'ಎಂಪರರ್ ಅಶೋಕ', ನೆಲ ಬಿಟ್ಟ ಎರಡೇ ನಿಮಿಷದೊಳಗೆ ಅರಬ್ಬೀ ಸಮುದ್ರಕ್ಕೆ ಬಿದ್ದಿತು. ಒಳಗಿದ್ದ 213 ಮಂದಿಯೂ ಅಸುನೀಗಿದರು.

ವಿಮಾನ ಯಾವ ಕಡೆಗೆ, ಎಷ್ಟು ವಾಲಿದೆ ಎಂಬುದನ್ನು ತೋರಿಸುವ ಉಪಕರಣವೇ ಕೃತಕ ದಿಗಂತ. ಅಂದು ಕ್ಯಾಪ್ಟನ್ ಎದುರಿನ ಈ ಉಪಕರಣ ಕೆಟ್ಟಿತ್ತು ಎಂದು ಭಾರತದ ತನಿಖೆ ತೀರ್ಮಾನಿಸಿತು. ಬಲತಿರುವಿನ ನಂತರ ವಿಮಾನ ಸಮಸ್ಥಿತಿಗೆ ಮರಳಿದರೂ ಉಪಕರಣ ಮಾತ್ರ ಬಲಕ್ಕೆ ವಾಲಿದಂತೆಯೇ ತೋರಿಸಿತು. ಅದನ್ನು ಸರಿಪಡಿಸಲೆಂದು ಕ್ಯಾಪ್ಟನ್ ವಿಮಾನವನ್ನು ಎಡಕ್ಕೆ, ಮತ್ತಷ್ಟು ಎಡಕ್ಕೆ ವಾಲಿಸಿದರು. ಕಡಲ ಮೇಲಿನ ಕತ್ತಲಲ್ಲಿ ನಿಜವಾದ ದಿಗಂತ ಕಾಣುವಂತಿರಲಿಲ್ಲ.

ಇಂಥ ಹೊತ್ತಿನಲ್ಲಿ ದೇಹದ ಅನುಭವವನ್ನೂ ನಂಬುವಂತಿಲ್ಲ. ನಿಧಾನವಾದ ತಿರುವನ್ನು ಒಳಕಿವಿ ಗುರುತಿಸಲಾರದು. ಆದ್ದರಿಂದಲೇ ಇನ್‌ಸ್ಟ್ರುಮೆಂಟ್ ರೇಟಿಂಗ್ ತರಬೇತಿಯಲ್ಲಿ ಒಂದೇ ಉಪಕರಣದಲ್ಲಿ ದೃಷ್ಟಿ ನೆಡಬಾರದೆಂದು ಕಲಿಸಲಾಗುತ್ತದೆ. ಕೃತಕ ದಿಗಂತ ವಾಲಿಕೆ ತೋರಿಸುತ್ತಿದ್ದರೂ ದಿಕ್ಸೂಚಿ ಕದಲದೆ, ತಿರುವು ಸೂಚಕವೂ ನಡುವೆಯೇ ನಿಂತಿದ್ದರೆ, ಸಂಶಯಿಸಬೇಕಾದುದು ಕೃತಕ ದಿಗಂತವನ್ನು. ಅದನ್ನು ಮುಚ್ಚಿಟ್ಟು, ಉಳಿದ ಉಪಕರಣಗಳ ಆಧಾರದಲ್ಲೇ ಹಾರುವ ಅಭ್ಯಾಸವನ್ನೂ ಮಾಡಿಸಲಾಗುತ್ತದೆ.

ದೊಡ್ಡ ವಿಮಾನಗಳಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಇನ್ನೊಂದು ಕೃತಕ ದಿಗಂತವಿರುತ್ತದೆ. 'ಎಂಪರರ್ ಅಶೋಕ'ದಲ್ಲೂ ಅದಿತ್ತು. ಉಳಿದ ಉಪಕರಣಗಳ ನೆರವಿನಿಂದ ವಿಮಾನವನ್ನು ಹತೋಟಿಗೆ ತರಲು ಸಿಬ್ಬಂದಿ ವಿಫಲರಾದರೆಂದೂ ತನಿಖೆ ದಾಖಲಿಸಿತು.